ನನಗೆ ರಾಜನ ಪಾತ್ರವೇ ಬೇಕಿತ್ತು

ಸಾಂಗಲಿಯ ನನ್ನ ಮನೆಗೆ ಈಗಲೂ ಹುಡುಗ ಹುಡುಗಿಯರು ಬರುತ್ತಾರೆ. ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾರೆ, ಮೊಬೈಲನ್ನು ನನ್ನ ಮೂಗಿನ ತನಕ ತರುತ್ತಾರೆ, "ಕಾಕಾ, ನಟನೆ ಅಂದ್ರೇನು, ಎರಡ ಮಾತ ಹೇಳ್ರಿ" ಅನ್ನುತ್ತಾರೆ. ನಾನು ಹೇಳಿದ್ದರಲ್ಲಿ ಸಿಹಿಯಾದ ತುಣುಕನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತಾರೆ. ಅದಕ್ಕೇ ಈ ಸಲ ಬರೆಯುತ್ತಿದ್ದೇನೆ. ಬರೆದದ್ದನ್ನು ಕತ್ತರಿಸಬೇಕಾದರೆ ಮೊದಲು ಪೂರ್ತಿ ಓದಬೇಕಾಗುತ್ತದಲ್ಲ.

ಯಾವ ಪ್ರಶಸ್ತಿ ಬಂತು, ಯಾರು ಶಾಲು ಹೊದಿಸಿದರು ಎಂದು ಇಲ್ಲಿ ಬರೆಯುವುದಿಲ್ಲ. ಶಾಲುಗಳನ್ನೆಲ್ಲ ನನ್ನ ಹೆಂಡತಿ ಹೊನ್ನವ್ವ ಗಾದಿಯ ಕೆಳಗೆ ಹಾಸಿದ್ದಾಳೆ. ಚಳಿಗಾಲಕ್ಕೆ ಬೆಚ್ಚಗಿರುತ್ತದೆ, ಅಷ್ಟೇ ಅವುಗಳ ಉಪಯೋಗ.

ಕಪ್ಪು ಬಿಳುಪಿನ ಕಾಲದಿಂದ ಸಿನಿಮಾದಲ್ಲಿ, ಆಮೇಲೆ ರೇಡಿಯೋದಲ್ಲಿ ದುಡಿದೆ. ಈ ಎಲ್ಲ ವರ್ಷಗಳಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಪಾತ್ರ: ರಾಜ. ಅವರು ಕೊಡುತ್ತಿದ್ದದ್ದೂ ಒಂದೇ ಪಾತ್ರ: ರಾಜನ ಬಾಗಿಲಲ್ಲಿ ನಿಲ್ಲುವ ಸೇವಕ. ಈ ಎರಡರ ನಡುವಿನ ಜಗಳವೇ ನನ್ನ ವೃತ್ತಿ. ನಗುವವರು ನಗಲಿ. ನಾನು ಕುರುಬರ ಮನೆಯ ಬೀರಪ್ಪ, ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡ ಊರು ಆರಗದವನು. ಗಿಡ್ಡ, ಕಪ್ಪು, ಮುಖದ ಮೇಲೆ ಸಿಡುಬಿನ ಕಲೆ. ನಾನು ರಾಜನಾಗಬೇಕೆಂದರೆ ಯಾರಿಗೆ ತಾನೇ ನಗು ಬರುವುದಿಲ್ಲ?

ಸಿನಿಮಾಕ್ಕೆ ನಾನಾಗಿ ಹೋದವನಲ್ಲ, ಕುರಿಗಳ ಹಿಂದೆ ಹೋದವನು. ಕೊಲ್ಹಾಪುರದಲ್ಲಿ ಚಿತ್ರ ತೆಗೆಯುತ್ತಿದ್ದ ಒಬ್ಬರಿಗೆ ಕುರಿಗಳು ಬೇಕಾಗಿದ್ದವು. ನಮ್ಮಪ್ಪ ಮಾಳಪ್ಪನ ಹಿಂಡನ್ನು ಚಿತ್ರದವರು ಲಾರಿಯಲ್ಲಿ ತುಂಬಿಕೊಂಡು ಹೋದರು. ಕಾಯಲಿಕ್ಕೆಂದು ನಾನೂ ಹತ್ತಿದೆ. ಅಲ್ಲಿ ನಾಯಕನದು ಕುರುಬನ ವೇಷ. ಬಿಳಿ ಬಿಳಿ ಧೋತರ, ಕೈಯಲ್ಲಿ ಕೊಳಲು. ಅವನು ಕೈ ಚಾಚಿ ಕರೆದರೆ ಕುರಿಗಳು ಅವನ ಹಿಂದೆ ಹೋಗಬೇಕು. ಅವು ಹೋಗಲಿಲ್ಲ. ಗುಡಿಸಲಿನ ಸೆಟ್ಟಿಗೆ ಹೊದಿಸಿದ ಹುಲ್ಲನ್ನು ತಿನ್ನತೊಡಗಿದವು. ನಿರ್ದೇಶಕರ ಬಾಯಿಂದ ಬರಬಾರದ ಮಾತೆಲ್ಲ ಬಂತು.

ಕುರಿ ಕರೆಯುವುದೆಂದರೆ ಕೂಗುವುದಲ್ಲ. ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಹೊಟ್ಟೆಯಿಂದ ಉದ್ದಕ್ಕೆ, ತಗ್ಗಿನಲ್ಲಿ ಒಂದು ಸದ್ದು ಹೊರಡಿಸಬೇಕು. ಒಬ್ಬೊಬ್ಬ ಕುರುಬನದೂ ಒಂದೊಂದು ಬಗೆ. ಹಿಂಡು ತನ್ನವನ ಸದ್ದಿಗೆ ಮಾತ್ರ ಹೊರಳುತ್ತದೆ. ಕೊನೆಗೆ ನನ್ನನ್ನು ರಟ್ಟಿನ ಬಂಡೆಯ ಹಿಂದೆ ಮಲಗಿಸಿ ಕರೆಯಲು ಹೇಳಿದರು. ಕರೆದೆ. ಕುರಿಗಳು ನಾಯಕನನ್ನು ಬಿಟ್ಟು ಸೀದಾ ಬಂಡೆಗೆ ಬಂದವು. ಆಮೇಲೆ ನಾಯಕನನ್ನೇ ಎತ್ತಿ ಬಂಡೆಯ ಮೇಲೆ ಕೂರಿಸಿದರು. ಕುರಿಗಳು ಸುತ್ತ ಬಂದು ನಿಂತವು, ಅವನು ಬಾಯಿ ಆಡಿಸಿದ, ದೃಶ್ಯ ಮುಗಿಯಿತು. ಚಿತ್ರ ನೋಡಿದವರು ಆ ನಾಯಕನಿಗೆ ಪ್ರಾಣಿಗಳ ಭಾಷೆಯೂ ಬರುತ್ತದೆ ಎಂದು ಹೊಗಳಿದರಂತೆ. ಹಾಗೆ ಸಿನಿಮಾದಲ್ಲಿ ನನ್ನ ಮೊದಲ ಪಾತ್ರ ಬಂಡೆಗಲ್ಲಿನದು.

ಆ ಋಣಕ್ಕೆ ನಿರ್ದೇಶಕರು ಮುಂದಿನ ಚಿತ್ರದಲ್ಲಿ ನನ್ನ ಕೈಗೆ ಈಟಿ ಕೊಟ್ಟು ದರ್ಬಾರಿನ ಬಾಗಿಲಲ್ಲಿ ನಿಲ್ಲಿಸಿದರು. ಮರಾಠಿಯಲ್ಲಿ "ಜೀ ಸರ್ಕಾರ್" ಅನ್ನುವುದು, ತಲೆ ಬಾಗಿಸುವುದು, ಹೋಗುವುದು. ಮೊದಲನೇ ದಿನ ರಾಜನ ಅಬ್ಬರ ಕೇಳಿ ಗಾಬರಿಯಾಗಿ ಬಾಯಿಗೆ ಬಂದಂತೆ "ಹೂನ್ರಿ ಅಪ್ಪಾರ" ಅಂದುಬಿಟ್ಟೆ. ಶಿವಾಜಿ ಕಾಲದ ಮರಾಠಿ ದರ್ಬಾರಿನಲ್ಲಿ ಆರಗದ ಕನ್ನಡ! ದೀಪ ಹಿಡಿದವರೂ ನಕ್ಕರು. ಆದರೆ ಕೆಲಸ ಬೇಗ ಕಲಿತೆ. ಎಷ್ಟು ಚಿತ್ರಗಳಲ್ಲಿ ಹಾಗೆ ನಿಂತೆನೋ ಲೆಕ್ಕ ಇಟ್ಟಿಲ್ಲ. ನಿಂತು ನಿಂತು ರಾಜನ ಮಾತೆಲ್ಲ ನನಗೆ ಬಾಯಿಪಾಠವಾಯಿತು. ಒಂದು ದಿನ ಧೈರ್ಯ ಮಾಡಿ, ರಾಜನ ಪಾತ್ರ ಒಮ್ಮೆ ಮಾಡಿಸಿ ನೋಡಿ ಎಂದು ನಿರ್ದೇಶಕರನ್ನು ಕೇಳಿದೆ.

"ಆರಸಾ ಪಾಹಿಲಾಸ ಕಾ ಕಧೀ?" ಅಂದರು. ಕನ್ನಡಿ ನೋಡಿಕೊಂಡಿದ್ದೀಯೇನು ಎಂದು.

"ನೋಡ್ಕೊಂಡ ಬಂದೇನ್ರಿ" ಅಂದೆ. ಕನ್ನಡದಲ್ಲೇ ಅಂದೆ. ಅವರಿಗೆ ತಿಳಿಯಿತು. ಅವರ ಚಿತ್ರಗಳಲ್ಲಿ ಆಮೇಲೆ ನನಗೆ ಬಾಗಿಲೂ ಸಿಗಲಿಲ್ಲ.

ಹೊನ್ನವ್ವ ಆಗ ಹೊಸದಾಗಿ ಬಂದಿದ್ದಳು. "ಮಾರಿ ಕಾಣದ ಜಾಗಾದಾಗ ಹೋಗಿ ಕೇಳ್ರಿ" ಅಂದಳು. ಮುಖ ಕಾಣದ ಜಾಗವೆಂದರೆ ರೇಡಿಯೋ. ಅದು ಯಾವ ಕೇಂದ್ರ, ಯಾವ ಊರು ಎಂದು ಬರೆಯುವುದಿಲ್ಲ. ಅಲ್ಲಿದ್ದವರ ಮೊಮ್ಮಕ್ಕಳು ದಾರಿಯಲ್ಲಿ ಸಿಕ್ಕರೆ ಇನ್ನೂ ನನ್ನನ್ನು ಮಾತಾಡಿಸುತ್ತಾರೆ. ಧ್ವನಿ ಪರೀಕ್ಷೆಯಲ್ಲಿ ನಾನೊಂದು ಕೋಣೆಯಲ್ಲಿ, ಪರೀಕ್ಷಕರು ಇನ್ನೊಂದು ಕೋಣೆಯಲ್ಲಿ. ಅವರಿಗೆ ನನ್ನ ಧ್ವನಿ ಮಾತ್ರ ಹೋಗುತ್ತಿತ್ತು. ಪಾಸಾದೆ. ಇನ್ನು ರಾಜನಾಗುವುದೊಂದೇ ಬಾಕಿ ಎಂದುಕೊಂಡು ಸಂಭ್ರಮದಿಂದ ತಾಲೀಮಿಗೆ ಹೋದೆ.

ನಾಟಕ ವಿಭಾಗಕ್ಕೆ ಇನಾಮದಾರ ಸಾಹೇಬರು ಹಿರಿಯರು. ನನ್ನ ರುಮಾಲು ನೋಡಿದರು, ಹೆಗಲ ಮೇಲಿನ ಕಂಬಳಿ ನೋಡಿದರು, ಮುಖ ನೋಡಿದರು. ಪಹರೆಯವನ ಪಾತ್ರ ಕೊಟ್ಟರು. ಮುಂದಿನ ನಾಟಕದಲ್ಲಿ ಗಾಡಿ ಹೊಡೆಯುವವನು, ಅದರ ಮುಂದಿನದರಲ್ಲಿ ಮತ್ತೆ ಪಹರೆಯವನು. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ನೆನಪಿಡಬೇಕು. ರೇಡಿಯೋ ಕೇಳುವವನಿಗೆ ನಿಮ್ಮ ಮುಖ ಕಾಣುವುದಿಲ್ಲ, ಪಾತ್ರ ಹಂಚುವವನಿಗೆ ಕಾಣುತ್ತದೆ.

ಆಗ ನಾಟಕ ನಡೆಯುತ್ತಿದ್ದಂತೆಯೇ ಜನರಿಗೆ ಕೇಳುತ್ತಿತ್ತು. ತಪ್ಪಿದರೆ ತಪ್ಪಿತು, ತಿದ್ದಲು ಬರುತ್ತಿರಲಿಲ್ಲ. ಒಂದೇ ಮೈಕು, ಅದರ ಸುತ್ತ ನಾವೆಲ್ಲ ಬರಿಗಾಲಲ್ಲಿ. ದೂರದಿಂದ ಬರುವವನು ಕೋಣೆಯ ಮೂಲೆಯಿಂದ ಮಾತಾಡುತ್ತಲೇ ನಡೆದು ಬರಬೇಕು. ಸಾಯುವವನು ಮೈಕಿನಿಂದ ಮೆಲ್ಲಗೆ ಮುಖ ತಿರುಗಿಸಬೇಕು. ಕಾಗದದ ಸದ್ದು ಕೇಳಬಾರದೆಂದು ಹಾಳೆಗಳನ್ನು ಹೊಲಿಯದೆ ಬಿಡಿಬಿಡಿಯಾಗಿ ಹಿಡಿದು, ಓದಿದ ಹಾಳೆಯನ್ನು ಕೈಯಿಂದ ಜಾರಿಸಿ ಜಮಖಾನೆಯ ಮೇಲೆ ಬಿಡುತ್ತಿದ್ದೆವು. ನಾಟಕ ಮುಗಿಯುವಾಗ ಕಾಲಬುಡದಲ್ಲಿ ಹಾಳೆಗಳ ರಾಶಿ.

ಒಂದು ಸಲ ರಾಜನ ಪಾತ್ರದವರು ಎರಡು ಹಾಳೆ ಒಟ್ಟಿಗೆ ಜಾರಿಸಿಬಿಟ್ಟರು. ಕೈಯಲ್ಲಿ ನ್ಯಾಯ ಹೇಳುವ ಹಾಳೆಯೇ ಇಲ್ಲ. ಕೆಳಗೆ ಬಗ್ಗಿದರೆ ಸದ್ದಾಗುತ್ತದೆ. ಅವರ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಊರೂರಲ್ಲಿ ಜನ ರಾಜನ ತೀರ್ಪಿಗಾಗಿ ಕಾದು ಕುಳಿತಿದ್ದಾರೆ. ಪಹರೆಯವನಾಗಿ ನಿಂತಿದ್ದ ನಾನು ಒಂದು ಹೆಜ್ಜೆ ಮುಂದೆ ಬಂದು, "ಮಹಾರಾಜರ ಅಪ್ಪಣೆ ಹೀಗಿದೆ, ಎಲ್ಲರೂ ಕೇಳಿರಿ" ಎಂದು ಮರಾಠಿಯಲ್ಲಿ ಅಂದವನೇ ಇಡೀ ತೀರ್ಪನ್ನು ನಾನೇ ಹೇಳಿ ಮುಗಿಸಿದೆ. ಗಲ್ಲಿಗೇರಿಸಬೇಕಾದವರನ್ನು ಗಲ್ಲಿಗೇರಿಸಿದೆ, ಬಿಡಬೇಕಾದವರನ್ನು ಬಿಟ್ಟೆ.

ಕೆಂಪು ದೀಪ ಆರಿದ ಮೇಲೆ ಇನಾಮದಾರ ಸಾಹೇಬರು ಒಳಗೆ ಬಂದು, "ಪಹರೆಯವನು ತೀರ್ಪು ಕೊಡ್ತಾನೇನೋ?" ಎಂದು ರೇಗಿದರು.

"ರಾಜಾ ಸುಮ್ಮಕ ನಿಂತರ ಯಾರರೆ ಕೊಡಬೇಕಲ್ರಿ" ಅಂದೆ. ಆ ದಿನ ನನಗೆ ಎಷ್ಟು ಆನಂದವಾಗಿತ್ತೆಂದರೆ ಅವರು ಹೊಡೆದಿದ್ದರೂ ನೋವಾಗುತ್ತಿರಲಿಲ್ಲ.

ಅದಾದ ಮೇಲೆ ನಡೆದದ್ದೇ ಮಾಲಗಾಂವದ ಪ್ರಕರಣ. ಸಂಜೆಯ ರೈತರ ಕಾರ್ಯಕ್ರಮದಲ್ಲಿ ಒಂದು ಚಿಕ್ಕ ನಾಟಕ, ಅದರಲ್ಲಿ ನಾನು ಕುರುಬ. ಹಿಂಡನ್ನು ಕರೆಯುವ ದೃಶ್ಯವಿತ್ತು. "ಅಸಲೀ ವಾಟಲಾ ಪಾಹಿಜೆ" ಎಂದು ಸಾಹೇಬರೇ ಹೇಳಿದ್ದರು, ಅಸಲಿ ಅನ್ನಿಸಬೇಕೆಂದು. ಅಸಲಿಯಾಗಿಯೇ ಕರೆದೆ. ನನಗೆ ಗೊತ್ತಿಲ್ಲದ ಸಂಗತಿಯೆಂದರೆ, ನಮ್ಮಪ್ಪ ಆ ವಾರ ಹಿಂಡನ್ನು ಮಾಲಗಾಂವದ ಹೊಲವೊಂದರಲ್ಲಿ ತರುಬಿದ್ದ. ಗೊಬ್ಬರಕ್ಕೆಂದು ಹೊಲದವರು ಕುರಿ ಕೂಡಿಸಿಕೊಳ್ಳುವುದು ನಮ್ಮ ಕಡೆ ವಾಡಿಕೆ. ಊರ ಚಾವಡಿಯ ಮುಂದಿನ ಕಂಬಕ್ಕೆ ರೇಡಿಯೋದ ಭೋಂಗಾ, ಅಂದರೆ ಧ್ವನಿವರ್ಧಕ, ಕಟ್ಟಿದ್ದರು. ಹೊಲಕ್ಕೂ ಕಂಬಕ್ಕೂ ನಡುವೆ ಪಾಟೀಲರ ದ್ರಾಕ್ಷಿ ತೋಟ.

ಭೋಂಗಾದಲ್ಲಿ ನಾನು ಕರೆದೆ. ಆ ಕುರಿಗಳು ನನ್ನ ಕೈಯಲ್ಲಿ ಬೆಳೆದವು. ತಟ್ಟಿ ಮುರಿದುಕೊಂಡು ದ್ರಾಕ್ಷಿ ತೋಟದ ಒಳಗಿಂದಲೇ ಹಾದು, ಕೈಗೆ ಸಿಗುವ, ಅಲ್ಲ, ಬಾಯಿಗೆ ಸಿಗುವ ಗೊನೆಗಳನ್ನೆಲ್ಲ ತಿನ್ನುತ್ತ ಹೋಗಿ ಕಂಬದ ಬುಡದಲ್ಲಿ ಮೇಲೆ ನೋಡುತ್ತ ನಿಂತವಂತೆ. ನಮ್ಮಪ್ಪ ಹಿಂದಿನಿಂದ ಓಡಿ ಬಂದು ಕೋಲೆತ್ತಿ ಭೋಂಗಾಕ್ಕೇ ಬೈದನಂತೆ: "ಸುಮ್ಮಕಿರೋ ಬೀರ್ಯಾ, ಬಾಯಿ ಮುಚ್ಚೋ!" ನಾನಿದ್ದದ್ದು ಎಲ್ಲೋ. ನನಗೆ ಹೇಗೆ ಕೇಳಬೇಕು? ಕಥೆ ಕೇಳುತ್ತಿದ್ದವರಿಗಾಗಿ ಇನ್ನೂ ಎರಡು ಸಲ ಕರೆದೆ.

ಪಾಟೀಲರು ಅಪ್ಪನ ಹತ್ತಿರ ಸಿಟ್ಟು ತೀರಿಸಿಕೊಂಡರು. ಅಪ್ಪ ಹಿಂಡನ್ನು ಅವರ ತೋಟದಲ್ಲೇ ಕೆಲವು ದಿನ ತರುಬಿ ಗೊಬ್ಬರ ಕೊಟ್ಟ, ವ್ಯವಹಾರ ಮುಗಿಯಿತು. ಮುಗಿಯದೇ ಉಳಿದದ್ದು ನಮ್ಮ ಕಚೇರಿಯಲ್ಲಿ. ಊರಿನವರು ದೂರು ತಂದಿದ್ದರಿಂದ ಇನಾಮದಾರ ಸಾಹೇಬರು ನನ್ನನ್ನು ಕರೆಸಿದರು.

"ಮುಂದಿನ ಕಾರ್ಯಕ್ರಮದಾಗ ನೀನೇ ಮೈಕಿನ ಮುಂದ ನಿಂತು ಮಾಫಿ ಕೇಳು. ಇಲ್ಲಾಂದ್ರ ಇಲ್ಲಿಗೆ ಬರಬ್ಯಾಡ."

"ಯಾತಕ್ಕ ಮಾಫಿ ಕೇಳ್ಲಿರಿ? ಕುರುಬನ ಪಾತ್ರ ಕೊಟ್ಟವರು ನೀವು. ಚಲೋ ಮಾಡೇನಿ. ಕುರಿಗೋಳು ಒಪ್ಯಾವು."

"ಮಗ್ರೂರೀ ಕರೂ ನಕೋಸ!"

"ಸೊಕ್ಕಲ್ರಿ. ಕೆಟ್ಟ ಮಾಡಿದವರ ಕಡೆಯಿಂದ ಮಾಫಿ ಕೇಳಸ್ರಿ. ಹೋದ ವಾರ ನಿಮ್ಮ ರಾಜಾ ಸೈನ್ಯಾನ ಕರದ. ನಮ್ಮ ಓಣ್ಯಾಗ ಒಂದ ನಾಯಿನೂ ಎದ್ದ ನಿಂದರಲಿಲ್ಲ."

ಆ ಮಾತಿನ ಬೆಲೆ ನನಗೆ ಗೊತ್ತಿತ್ತು, ಗೊತ್ತಿದ್ದೇ ಆಡಿದೆ. ಅವರ ಮೇಜಿನ ಮುಂದೆ ಕುರ್ಚಿ ಇತ್ತು, ಕುಳಿತುಕೋ ಎಂದು ಅವರು ಎಂದೂ ಹೇಳಿದವರಲ್ಲ. ಹೊರಗೆ ಬಂದೆ. ಆಮೇಲೆ ಬಹಳ ಕಾಲ ನನಗೆ ಕರೆ ಬರಲಿಲ್ಲ. ಆರಗಕ್ಕೆ ಹೋಗಿ ಅಪ್ಪನ ಜೊತೆ ಕುರಿ ಕಾಯ್ದೆ. ಬಸ್ಸಿನವರು "ಏನ್ರಿ, ಜೀ ಸರ್ಕಾರ್, ನೌಕರಿ ಹೋತೇನು?" ಎಂದು ಕಿಚಾಯಿಸುತ್ತಿದ್ದರು. ಒಂದು ಸಲ ಮಾಫಿ ಕೇಳಿಬಿಟ್ಟರೆ ಏನು ಹೋಗುತ್ತದೆ ಎಂದು ನನಗೂ ಅನ್ನಿಸಿದ್ದುಂಟು. ಹಾಗಂತ ಹೊನ್ನವ್ವನಿಗೆ ಹೇಳಿದೆ. "ಕೇಳಿದರ ಏನ ಸಿಗತೈತಿ? ಮತ್ತ ಬಾಗಲಾಗ ನಿಂದರದು. ಅದಕ್ಕ ಯಾಕ ಮಾಫಿ?" ಅಂದಳು. ಅದೊಂದೇ ಮಾತು. ಆ ಹೆಂಗಸಿನ ಜೊತೆ ಸಂಸಾರ ಮಾಡಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ.

ಇನಾಮದಾರ ಸಾಹೇಬರು ವರ್ಗವಾಗಿ ಹೋದರು. ನಳಿನಿತಾಯಿ ಎಂಬವರು ಬಂದರು. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಅವರದೊಂದು ವಿಚಿತ್ರ ಪದ್ಧತಿ. ಪಾತ್ರ ಹಂಚುವ ದಿನ ಗೋಡೆಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಕೂರುತ್ತಿದ್ದರು. ಹೆಸರು ಹೇಳುವಂತಿಲ್ಲ. ಒಬ್ಬೊಬ್ಬರಾಗಿ ಬಂದು ಯಾವ ಪಾತ್ರ ಬೇಕೋ ಅದರ ಮಾತು ಓದಬೇಕು. ಹಳೆಯವರಿಗೆಲ್ಲ ಇದು ಅವಮಾನ ಅನ್ನಿಸಿತು. ನನಗೆ ಸ್ವರ್ಗ. ರಾಜನ ಮಾತನ್ನು ಓದಿದೆ. ಎಲ್ಲರೂ ಅಬ್ಬರಿಸಿದ್ದರು. ನಾನು ಅಬ್ಬರಿಸಲಿಲ್ಲ. ತನ್ನ ಮಾತು ನಡೆಯುತ್ತದೆಂದು ಗೊತ್ತಿರುವವನು ಯಾಕೆ ಅಬ್ಬರಿಸುತ್ತಾನೆ? ಹಿಂಡು ಕರೆದಂತೆ ತಗ್ಗಿನಲ್ಲಿ, ಉದ್ದಕ್ಕೆ ಹೇಳಿದೆ.

ತಾಯಿ ತಿರುಗದೆಯೇ, "ಹಾ ರಾಜಾ" ಅಂದರು. ಇವನೇ ರಾಜ. ಆಮೇಲೆ ತಿರುಗಿ ನನ್ನನ್ನು ನೋಡಿದರು. ಮುಖದ ಮೇಲೆ ಆಶ್ಚರ್ಯ ಇತ್ತು, ಸುಳ್ಳು ಹೇಳಲಾರೆ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಲ್ಲಿಯ ತನಕ ರಾಜನಾಗುತ್ತಿದ್ದವರು, ಈ ಕುರುಬನ ಮುಂದೆ ನಾನು ಮಂತ್ರಿಯಾಗುವುದಿಲ್ಲ ಎಂದು ಎದ್ದು ಹೋದರು. ಹೋಗಲಿ ಬಿಡಿ ಎಂದು ತಾಯಿ ಬೇರೆ ಮಂತ್ರಿಯನ್ನು ಹುಡುಕಿದರು. ಮುಂದೆ ಅವರು ಇರುವ ತನಕ ಬಹಳಷ್ಟು ಸಿಂಹಾಸನಗಳ ಮೇಲೆ ಕುಳಿತೆ. ಎಲ್ಲವೂ ಮರಾಠಿ ಸಿಂಹಾಸನಗಳು.

ಮೊದಲನೇ ನಾಟಕವನ್ನು ಅಪ್ಪ ಆರಗದ ಚಹಾದಂಗಡಿಯಲ್ಲಿ ಕುಳಿತು ಪೂರ್ತಿ ಕೇಳಿದ. ಮರಾಠಿ ಅವನಿಗೆ ಬಾರದೆ ಇರಲಿಲ್ಲ. ಸಂತೆಯ ಮರಾಠಿ ಬರುತ್ತಿತ್ತು, ಅರಮನೆಯದು ಬರುತ್ತಿರಲಿಲ್ಲ. ನಾನು ಊರಿಗೆ ಹೋದಾಗ ಹತ್ತಿರ ಕೂರಿಸಿಕೊಂಡು ಬೆನ್ನು ಸವರಿದ.

"ಚಲೋ ಹೇಳಿದೆಪಾ. ದನಿ ನಂದ ಐತಿ, ನಮ್ಮಪ್ಪಂದ ಐತಿ. ಆದರ ಏನಂದಿ, ಅರ್ಧಾ ತಿಳೀಲಿಲ್ಲ."

"ಮರಾಠಿ ರಾಜಾಪ್ಪಾ ಅಂವ."

"ಕನ್ನಡದಾಗ ರಾಜಾಗೋಳ ಇಲ್ಲೇನೋ? ಒಂದಿನ ನಮ್ಮ ಮಾತಿನಾಗ ಹುಕುಂ ಕೊಡು, ಕೇಳ್ತೇನಿ."

ಅಪ್ಪ ಅದನ್ನು ಕೇಳದೇ ತೀರಿಹೋದ. ಅಂಥ ನಾಟಕ ನನ್ನ ಪಾಲಿಗೆ ಬರಲೇ ಇಲ್ಲ. ಕರ್ನಾಟಕದ ಕಡೆಯವರಿಗೆ ನಾನು ಮರಾಠಿಯವನು, ಇಲ್ಲಿಯವರಿಗೆ ಕಾನಡೀ. ಇದು ನನ್ನ ಎದೆಯಲ್ಲಿ ಚುಚ್ಚಿಕೊಂಡೇ ಉಳಿಯಿತು. ಅದಕ್ಕೆ ಮುಲಾಮು ಹಚ್ಚಲು ನಾನು ಎಂದೂ ಪ್ರಯತ್ನಿಸಲಿಲ್ಲ.

ಕೆಲಸದ ರೀತಿ ಬದಲಾಗುತ್ತ ಹೋಯಿತು. ಟೇಪು ಬಂತು, ತಪ್ಪಿದರೆ ಮತ್ತೆ ಹೇಳು ಎನ್ನುವುದು ಬಂತು. ಆ ಸೌಕರ್ಯದಿಂದ ಭಯ ಹೋಯಿತು, ಭಯದ ಜೊತೆ ಅರ್ಧ ನಟನೆಯೂ ಹೋಯಿತು ಎಂದು ನನ್ನ ಅಭಿಪ್ರಾಯ. ಈಗಂತೂ ನಟರು ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ. ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಮಿರಜದಲ್ಲಿ, ತಮ್ಮ ತಮ್ಮ ಮಾತು ಹೇಳಿ ಹೋಗುತ್ತಾರೆ. ಕಂಪ್ಯೂಟರು ಅವುಗಳನ್ನು ಹೊಲಿಯುತ್ತದೆ. ಬೈಯಬೇಡಿ ಎಂದು ನೀವು ಹೇಳುತ್ತೀರಿ. ಬೈಯುತ್ತೇನೆ. ಎದುರಿಗಿಲ್ಲದವನ ಮೇಲೆ ಸಿಟ್ಟು ಮಾಡುವುದು ಹೇಗೆ, ಎದುರಿಗಿಲ್ಲದವನಿಗೆ ತಲೆ ಬಾಗಿಸುವುದು ಹೇಗೆ?

ಮೊನ್ನೆ ಮೊನ್ನೆ ಶ್ರುತಿ ಎಂಬ ಹುಡುಗಿ ಫೋನು ಮಾಡಿದಳು. ಮಿರಜ ಪೇಟೆಯಲ್ಲಿ ತಲೆತಲಾಂತರದಿಂದ ಕಾಳುಕಡಿ ವ್ಯಾಪಾರ ಮಾಡುವ ಲಿಂಗಾಯತರ ಮನೆಯವಳು. ಮೊಬೈಲಿನಲ್ಲಿ ಕೇಳುವ ನಾಟಕಗಳನ್ನು ಮಾಡುತ್ತಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಅರ್ಧ ಮರಾಠಿ.

"ಕಾಕಾ, ಆಪಲ್ಯಾ ಕಾನಡೀತ, ನಮ್ಮ ಕನ್ನಡದಾಗ, ಏಕ ನಾಟಕ ಮಾಡಾಕತ್ತೇನಿ. ಅದರಾಗ ಒಬ್ಬ ರಾಜಾ ಅದಾನ. ತುಮ್ಹೀಚ ಪಾಹಿಜೆ. ನೀವ ಆಗಬೇಕ್ರಿ."

ಫೋನು ಕೆಳಗಿಟ್ಟೆ. ಕಣ್ಣಲ್ಲಿ ನೀರು ಬಂತು, ಅದನ್ನೂ ಬರೆಯುತ್ತೇನೆ. ಅವತ್ತಿನಿಂದ ದಿನಾಲೂ ಬೆಳಗಿನ ಚಹಾ ಆದ ಮೇಲೆ ತಾಲೀಮು. ಹೊನ್ನವ್ವನೇ ಮಂತ್ರಿ, ಹೊನ್ನವ್ವನೇ ಸೈನ್ಯ, ಹೊನ್ನವ್ವನೇ ಪ್ರಜೆ. "ಪ್ರಜಾಗೋಳು ಭಾಜಿ ಹೆಚ್ಚಬೇಕ್ರಿ ಮಹಾರಾಜರ, ಲಗೂ ಮುಗಸ್ರಿ" ಅನ್ನುತ್ತಿದ್ದಳು.

ಹೇಳಿದ ದಿನ ಇಬ್ಬರೂ ಮಿರಜಕ್ಕೆ ಹೋದೆವು. ಅವರ ಹಳೆಯ ಗೋದಾಮಿನ ಮಾಳಿಗೆಯ ಮೇಲೆ ಗೋಡೆಗೆಲ್ಲ ಕೌದಿ ಹೊಡೆದು ಚಂದದ ಕೋಣೆ ಮಾಡಿಕೊಂಡಿದ್ದಾಳೆ. ಚಹಾ ತಂದಳು, ಮೈಕು ಸರಿಮಾಡಿದಳು, ಆದರೆ ನನ್ನ ಮುಖ ನೋಡಲೊಲ್ಲಳು.

"ಕಾಕಾ, ಜರಾ ಬದಲ ಆಗೇತ್ರಿ. ರೊಕ್ಕಾ ಹಾಕವರು ರಾಜಾಗ ದೊಡ್ಡ ಹೆಸರ ಬೇಕಂದ್ರು. ಬೆಂಗಳೂರಾಗ ಅವರ ಮಾತ ಆಗಲೇ ರೆಕಾರ್ಡ ಆಗ್ಯಾವು. ಮಲಾ ತುಮ್ಹೀಚ ಹವೆ ಹೋತಾತ, ನನಗ ನೀವ ಬೇಕಾಗಿದ್ರಿ, ಖರೇನ. ನೀವು ಸೇವಕಂದ ಮಾಡ್ರಿ. ಸಣ್ಣದೈತಿ, ಆದರ ಮಹತ್ವದ್ದ್ರಿ."

ಮಹತ್ವದ ಸೇವಕ! ಹೊನ್ನವ್ವ ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು. "ಏಳ್ರಿ, ನಡೀರಿ ಮನಿಗೆ."

"ತಡಿ, ಕುಂದರು" ಅಂದೆ. ಶ್ರುತಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಅವಳಿಗೆ ಅಳು ಬರುವಂತಾಗಿತ್ತು. ಆದರೆ ಎದ್ದು ಬಂದರೆ ಏನಾಗುತ್ತದೆಂದು ನನಗೆ ಗೊತ್ತು. ಇನ್ನೊಬ್ಬ ಮುದುಕನನ್ನು ಕರೆತಂದು "ಅಪ್ಪಣೆ, ದೊರೆ" ಅನ್ನಿಸುತ್ತಾರೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆ ಕೋಣೆಯಲ್ಲಿ ಮೈಕು ನನ್ನ ಮುಂದೆ ಇತ್ತು. ಮೈಕು ಬಿಟ್ಟು ಹೋಗುವವನು ನಟನಲ್ಲ.

ಹೆಡ್‌ಫೋನು ಕಿವಿಗೆ ಹಾಕಿಕೊಂಡೆ. ಕಿವಿಯೊಳಗೆ ಬೆಂಗಳೂರಿನ ರಾಜ ಬಂದ. ಶುದ್ಧ ಕನ್ನಡ, ಭಾರೀ ಅಬ್ಬರ. ಕಪ್ಪ ಕೊಡದ ಹಳ್ಳಿಯೊಂದರ ಮೇಲೆ ಅವನಿಗೆ ಕೋಪ. "ಯಾರಲ್ಲಿ! ಈಗಲೇ ಹೋಗಿ ಆ ಊರಿಗೆ ಬೆಂಕಿ ಇಟ್ಟು ಬಾ!" ಎಂದ. ಗಾಜಿನ ಆಚೆಯಿಂದ ಶ್ರುತಿ ಕೈ ತೋರಿಸಿದಳು. ನನ್ನ ಮಾತಿನ ಸರದಿ. ಹಾಳೆಯಲ್ಲಿ ಇದ್ದದ್ದು "ಅಪ್ಪಣೆ, ದೊರೆ" ಎಂದಷ್ಟೇ.

ಉಸಿರು ಹೊಟ್ಟೆಯ ತನಕ ತೆಗೆದುಕೊಂಡೆ. ತಗ್ಗಿನಲ್ಲಿ, ಉದ್ದಕ್ಕೆ, ನಮ್ಮ ಮಾತಿನಲ್ಲಿ ಹೇಳಿದೆ.

"ಇಲ್ಲಾ. ಹಚ್ಚಂಗಿಲ್ಲ."

ಶ್ರುತಿಯ ಕೈ ಗಾಳಿಯಲ್ಲೇ ನಿಂತಿತು. ಬಾಗಿಲು ತೆರೆದು ಒಳಗೆ ಬಂದಳು.

"ಕಾಕಾ, ಇದರ ಮುಂದ ರಾಜಾ 'ಭಲೇ' ಅಂತಾನ್ರಿ. ತೋ ರೆಕಾರ್ಡ ಝಾಲಾಯ, ಆಗಿ ಹೋಗೇತಿ. ನೀವು ಇಲ್ಲಂದ್ರ ಅದು ಹೆಂಗ ಹೊಂದತೈತ್ರಿ?"

"ಹೊಂದಂಗಿಲ್ಲವಾ. ಅದು ರಾಜಾನ ತ್ರಾಸು. ಕರಸು ಅಂವನ್ನ, ನನ್ನ ಎದುರಿಗೆ ನಿಂತ ಹೇಳ್ಲಿ."